ಹುಳದ ಮನೆಗೆ ಸೆಂಟು ಹಾಕ್ಕೊಂಡು ಬಂದೋಳು

ನನ್ನ ನಾದ್ನಿ ಕೆಂಚಮ್ಮ ಬೆಂಗ್ಳೂರಿನ ಬಾರಲ್ಲಿ ಡ್ಯಾನ್ಸ್ ಮಾಡೋಳು. ಮೊದ್ಲೇ ಹೇಳ್ಬುಟ್ಟೆ, ಸುತ್ತಿ ಬಳಸಿ ಮಾತಾಡೋದು ನಂಗೆ ಬರಾಕಿಲ್ಲ. ಊರಲ್ಲಿ ಯಾರೂ ಇದ್ನ ಬಾಯ್ಬುಟ್ಟು ಅಂತಿರ್ಲಿಲ್ಲ. "ಬೆಂಗ್ಳೂರಲ್ಲಿ ಅದೇನೋ ಕೆಲ್ಸವಂತೆ" ಅಂದ್ಬುಟ್ಟು ಒಬ್ರ ಮುಖ ಒಬ್ರು ನೋಡ್ಕೊಂಡು ಕಿಸಕ್ ಅನ್ನೋರು. ಅದೇನೋ ಅಲ್ಲ ಕಣ್ರವ್ವ, ಡ್ಯಾನ್ಸು! ಮೈ ಕಾಣಂಗೆ ಬಟ್ಟೆ ಹಾಕ್ಕೊಂಡು, ಬಣ್ಣದ ಲೈಟಲ್ಲಿ, ಕುಡಿಯೋಕೆ ಬಂದ ಗಂಡಸ್ರ ಮುಂದೆ ಕುಣಿಯೋ ಡ್ಯಾನ್ಸು. ಕ್ಯಾಲೆಂಡರ್‌ಗೆ, ಬಸ್ ಸ್ಟ್ಯಾಂಡಲ್ಲಿ ಕ್ಲಿಪ್ ಹಾಕಿ ನೇತಾಕ್ತಾರಲ್ಲ ಆ ಗಂಡಸ್ರ ಪುಸ್ತಕಕ್ಕೆ, ಫೋಟೋನೂ ತೆಗ್ಸಿದ್ಲು. ಬಲವಂತಕ್ಕೆ ಮಾಡ್ಲಿಲ್ಲ, ಯಾರೂ ಮೋಸ ಮಾಡಿ ಕರ್ಕೊಂಡೋಗಿರ್ಲಿಲ್ಲ. ಇಷ್ಟಪಟ್ಟು ಮಾಡಿದ್ಲು, ಚೆನ್ನಾಗಿ ಮಾಡಿದ್ಲು. ಈಗ ರಾಮನಗರದಲ್ಲಿ ಡ್ರೆಸ್ ಬಾಡಿಗೆ ಅಂಗಡಿ ಇಟ್ಕೊಂಡು ಆರ್ಕೆಸ್ಟ್ರಾ ಹುಡುಗೀರ್ಗೆ ಹೆಜ್ಜೆ ಹೇಳ್ಕೊಡ್ತಾ ಅವ್ಳೆ. ಅವಳನ್ನ ಕಂಡ್ರೆ ನಂಗೆ ಹೆಮ್ಮೆ. ಯಾರಿಗಾದ್ರೂ ಇದು ಸರಿ ಕಾಣದಿದ್ರೆ ಎದ್ದೋಗ್ಬೋದು, ನಮ್ಮ ಜಗಲಿಗೇನು ಬಾಗ್ಲಿಲ್ಲ.

ನಮ್ಮೂರು ವಿರೂಪಾಕ್ಷಿಪುರದಿಂದ ಒಸಿ ಒಳಕ್ಕೆ. ಸಾಕಮ್ಮ ಅಂತ ನನ್ನ ಹೆಸ್ರು, ನಾನು ಸೊಸೆಯಾಗಿ ಬಂದಾಗ ಅತ್ತೆ ತೀರ್ಕೊಂಡಿದ್ರು. ಮನೇಲಿ ಇದ್ದೋರು ಮಾವ ಬೋರಲಿಂಗಯ್ಯ, ನನ್ನ ಗಂಡ ಅಶ್ವಥ್, ಅವನ ತಂಗಿ ಕೆಂಚಿ. ಕೆಂಚಿ ಆಗ ರಾಮನಗರದ ಫಿಲೇಚರಲ್ಲಿ ರೇಷ್ಮೆ ನೂಲು ತೆಗೆಯೋಕೆ ಹೋಗೋಳು. ಬಿಸಿನೀರಲ್ಲಿ ಕೈ ಅದ್ದಿ ಅದ್ದಿ ಬೆರಳೆಲ್ಲ ಬೆಳ್ಳಗೆ ಸುಕ್ಕಾಗಿರೋವು. ಇಪ್ಪತ್ತೆರಡು ತುಂಬಿತ್ತು. ಗಂಡು ನೋಡೋಕೆ ಬಂದೋರಿಗೆ ಕಾಫಿ ಕೊಟ್ಟು, "ನಿಮ್ಮೂರಲ್ಲಿ ಹೆಂಗಸ್ರು ಜೋರಾಗಿ ನಗಬೋದಾ?" ಅಂತ ಕೇಳ್ಬುಡೋಳು. ಆಮೇಲೆ ಅವರ ಸುದ್ದಿನೇ ಇರ್ತಿರ್ಲಿಲ್ಲ.

ಆ ವರ್ಷ ಗಣೇಶನ್ನ ಕೆರೆಗೆ ಬುಡೋ ದಿನ ಹುಡುಗ್ರು ತಮಟೆಗೆ ಕುಣೀತಿದ್ರು. ನಾವು ಹೆಂಗಸ್ರು ಸೆರಗು ಕಚ್ಕೊಂಡು ಪಕ್ಕದಲ್ಲಿ ನಿಂತ್ಕೋಬೇಕು, ಪದ್ಧತಿ. ಕೆಂಚಿ ನಿಂತ್ಲು, ನಿಂತ್ಲು, ಸೆರಗು ಸೊಂಟಕ್ಕೆ ಸಿಗಾಕ್ಕೊಂಡು ನುಗ್ಗೇ ಬುಟ್ಲು. ಅಯ್ಯೋ ಶಿವನೇ, ಅವತ್ತಿನ ಕುಣಿತ! ತಮಟೆ ಬಡಿಯೋರೇ ಇವಳ ಕಾಲು ನೋಡ್ಕೊಂಡು ಬಡಿಯೋಕೆ ಸುರು ಮಾಡಿದ್ರು. ಹುಡುಗ್ರು ಒಬ್ಬೊಬ್ರಾಗಿ ಪಕ್ಕಕ್ಕೆ ಸರಿದ್ರು. ನನ್ನ ಗಂಡ ರಟ್ಟೆ ಹಿಡ್ಕೊಂಡು ಎಳ್ಕೊಂಡು ಬಂದ, ಮಾವ ಅವತ್ತು ಉಣ್ಣಲಿಲ್ಲ. ಆದ್ರೆ ಮೈಕ್ ಸೆಟ್ ತಂದಿದ್ದ ರಾಮನಗರದ ಇದ್ರೀಸ್ ಸಾಬ್ರು ಎಲ್ಲಾ ನೋಡ್ತಾ ನಿಂತಿದ್ರು. ಅವರದ್ದೊಂದು ಆರ್ಕೆಸ್ಟ್ರಾ ಇತ್ತು. ಮುಂದಿನ ವಾರ ಫಿಲೇಚರ್ ಬಾಗಿಲಿಗೇ ಹೋಗಿ, "ಏನಮ್ಮ, ಸ್ಟೇಜ್ ಮೇಲೆ ಕುಣೀತೀಯಾ?" ಅಂತ ಕೇಳಿದ್ರಂತೆ. ಇವಳು, "ಬಟ್ಟೆ ನೀವ್ ಕೊಡ್ತೀರಾ, ನಾನೇ ತರ್ಬೇಕಾ?" ಅಂದ್ಲಂತೆ.

ಎರಡು ವರ್ಷ ಆರ್ಕೆಸ್ಟ್ರಾ. ಮಾಗಡಿ ಕಡೆ ಕೆಂಪಾಪುರ, ಕನಕಪುರದ ಹಳ್ಳಿಗಳು, ಚನ್ನಪಟ್ಟಣದ ಬೀದಿಗಳು, ಎಲ್ಲಾ ಕಡೆ ಕುಣಿದ್ಲು. ಆಮೇಲೆ ಬೆಂಗ್ಳೂರಲ್ಲಿ ಲೈವ್ ಬ್ಯಾಂಡು ಅಂತ ಬಾರುಗಳಾದ್ವಲ್ಲ, ಅಲ್ಲಿಗೆ ಹೋದ್ಲು. ಹೆಸ್ರು 'ರೂಬಿ' ಅಂತ ಇಟ್ಕೊಂಡ್ಲು. "ಯಾಕೆ, ಕೆಂಚಮ್ಮ ಅನ್ನೋ ಹೆಸ್ರಿಗೇನಾಗಿತ್ತೇ?" ಅಂದೆ. "ಆ ಹೆಸ್ರು ಮನೆಗೆ ಅತ್ಗೆ, ಎಲ್ಲಾರ್ಗೂ ಯಾಕೆ ಕೊಡ್ಲಿ?" ಅಂದ್ಲು.

ನಾನು ಹಲ್ಲು ಕೀಳ್ಸೋಕೆ ಬೆಂಗ್ಳೂರಿಗೆ ಹೋದಾಗ ಒಂದ್ಸಲ ಅವಳ ಜೊತೇಲೇ ಇದ್ದೆ. ಮಧ್ಯಾಹ್ನ ಬಾರಿಗೆ ಕರ್ಕೊಂಡೋದ್ಲು. ಕುರ್ಚಿ ಎಲ್ಲಾ ಮೇಜಿನ ಮೇಲೆ ಕವುಚಾಕಿದ್ರು, ಹುಡುಗನೊಬ್ಬ ಫಿನಾಯಿಲ್ ಹಾಕಿ ಒರೆಸ್ತಿದ್ದ. ಇವಳು ಹಳೇ ಚೂಡಿದಾರದಲ್ಲಿ, ಮಂಡಿಗೆ ಪಟ್ಟಿ ಕಟ್ಕೊಂಡು, ಎತ್ತರದ ಚಪ್ಪಲಿ ಮೆಟ್ಕೊಂಡು ಒಂದೇ ತಿರುವನ್ನ ಮತ್ತೆ ಮತ್ತೆ ಮಾಡೋಳು. ಕನ್ನಡಿ ನೋಡೋಳು, ಬೈಕೊಳ್ಳೋಳು, ಮತ್ತೆ ಮಾಡೋಳು. ನೋಡ್ತಾ ನೋಡ್ತಾ ನನ್ನ ಸೊಂಟವೇ ನೋಯ್ತು. "ಸಾಕು ಬುಡೇ, ಕುಡಿದಿರೋರಿಗೆ ಏನ್ ಗೊತ್ತಾಗ್ತದೆ?" ಅಂದೆ. ಸೊಂಟದ ಮೇಲೆ ಕೈ ಇಟ್ಕೊಂಡು ನಂಗೇ ಗದರಿದ್ಲು: "ನಂಗೆ ಗೊತ್ತಾಗ್ತದಲ್ಲ!" ಅವತ್ತು ಇನ್ನೊಂದ್ ಮಾತು ಕೇಳ್ದೆ, ಯಾರಾದ್ರೂ ಮೈ ಮುಟ್ಟಿದ್ರೆ ಏನ್ ಮಾಡ್ತೀಯಾ ಅಂತ. ಹಂಗೊಬ್ಬ ಕೈ ಹಾಕಿದ್ನಂತೆ. ಇವಳು ಕುಣೀತಾ ಕುಣೀತಾನೇ ಆ ಎತ್ತರದ ಹಿಮ್ಮಡಿ ಅವನ ಕಾಲ್ಬೆರಳ ಮೇಲೆ ಇಟ್ಟು, ತಾಳ ತಪ್ಪದಂಗೆ ಮುಂದಕ್ಕೋದ್ಲಂತೆ. "ನೋಡೋಕೆ ಬತ್ತಾರೆ, ನೋಡ್ಲಿ ಅತ್ಗೆ. ಕಣ್ಣು ಅವರ್ದು, ಮೈ ನಂದು" ಅಂದ್ಲು.

ಊರಿಗೆ ನಿಜ ಗೊತ್ತಾಗಿದ್ದು ಕ್ಯಾಲೆಂಡರಿಂದ. ಯಾವುದೋ ಗಾಡಿ ಆಯಿಲ್ ಕಂಪ್ನಿಯೋರು ಮಾಡ್ಸಿದ್ರು. ಈಜೋ ಬಟ್ಟೇಲಿ ನಮ್ಮ ಕೆಂಚಿ, ಕೆಂಪು ಬೈಕಿನ ಮೇಲೆ, ತಲೆ ಎತ್ಕೊಂಡು. ಅದು ಬಂದು ವಿರೂಪಾಕ್ಷಿಪುರದ ಕರಿಯಪ್ಪನ ಕಟಿಂಗ್ ಶಾಪಲ್ಲಿ ನೇತಾಕ್ಕೊಳ್ತು. ಮಾವ ಶೇವಿಂಗ್‌ಗೆ ಕೂತಿದ್ರಂತೆ, ಅರ್ಧ ಮುಖಕ್ಕೆ ನೊರೆ. ಕನ್ನಡೀಲಿ ಮಗಳು ಕಂಡವ್ಳೆ.

"ಲೇ ಕರಿಯಪ್ಪ, ಅದ್ನ ಗೋಡೆ ಕಡೀಕೆ ತಿರುಗ್ಸ್ಲಾ" ಅಂದ್ರಂತೆ.

"ಯಾಕ್ ಗೌಡ್ರೆ?"

"ತಾರೀಕು ತಪ್ಪೈತೆ."

ಅಷ್ಟೇ ಅಂದಿದ್ದು. ಆ ಅರ್ಧ ಗಡ್ಡದಲ್ಲೇ ಎದ್ದು ಮನೆಗೆ ಬಂದ್ರು. ಮಗಳ ಬಗ್ಗೆ ಕೆಟ್ಟ ಮಾತೊಂದೂ ಆಡ್ಲಿಲ್ಲ. ಆಡಿದ್ರೆ ಚೆನ್ನಾಗಿತ್ತು, ನಾನೂ ಎರಡು ಆಡಿ ಮುಗಿಸ್ತಿದ್ದೆ. ಅದರ ಬದಲು ಹುಳನ ಅಡ್ಡ ತಂದ್ರು.

ಇದ್ನ ಒಸಿ ಬುಡಿಸಿ ಹೇಳ್ಬೇಕು. ನಮ್ಮಲ್ಲಿ ರೇಷ್ಮೆ ಹುಳಕ್ಕೆ ಅಂತ ಬೇರೆ ಮನೆ ಇಲ್ಲ, ನಾವು ಉಂಡು ಮಲಗೋ ಮನೇನೇ ಹುಳದ ಮನೆ. ಚಾಕಿ, ಅಂದ್ರೆ ಮರಿ ಹುಳ, ತಂದ್ರೆ ನಡುಮನೆ ತುಂಬ ತಟ್ಟೆ. ದೊಡ್ಡದಾಗ್ತಾ ಆಗ್ತಾ ಪಡಸಾಲೆನೂ ಅವುಕ್ಕೇ, ನಾವು ಅಡಿಗೆ ಮನೆ ಮೂಲೇಲಿ. ಹುಳಕ್ಕೆ ವಾಸ್ನೆ ಆಗ್ಬರಲ್ಲ. ಬೀಡಿ ಸೇದಿ ಬರಂಗಿಲ್ಲ, ಪೌಡರ್ ಬಳ್ಕೊಂಡು ಬರಂಗಿಲ್ಲ, ಒಗ್ಗರಣೆನೂ ಹಿತ್ತಲಲ್ಲೇ ಹಾಕ್ಬೇಕು. ನಮ್ಮತ್ತೆಗೆ ಮಲ್ಲಿಗೆ ಅಂದ್ರೆ ಪ್ರಾಣವಂತೆ. ಮುಡ್ಕೊಂಡು ಸಂತೆಯಿಂದ ಬಂದ್ರೆ ಬಾಗಿಲಲ್ಲೇ ತೆಗ್ದು ಮೊಳೆಗೆ ಸಿಗಾಕಿ ಒಳಕ್ಕೆ ಬರೋರಂತೆ. ಆ ಮೊಳೆ ಇನ್ನೂ ಐತೆ. ಇದು ಸುಳ್ಳಲ್ಲ, ಹುಳ ಮೇಯಿಸೋರೆಲ್ಲ ಮಾಡೋದೇ.

ಈಗ ಮಾವ ಮಾಡಿದ ಕಿತಾಪತಿ ಕೇಳಿ. ಕೆಂಚಿ ಬಂದ್ಲು ಅಂದ್ರೆ, "ಹುಳ ಅವೆ. ಸೆಂಟು ಹಾಕ್ಕೊಂಡಿದೀಯಾ. ಹೊರಗೇ ಕೂತ್ಕೋ" ಅನ್ನೋರು. ಬೋರ್‌ವೆಲ್ ಹಾಕ್ಸಿದ್ಮೇಲೆ ಹಿಪ್ಪುನೇರಳೆಗೆ ಬರ ಇರ್ಲಿಲ್ಲ, ಒಂದು ಬೆಳೆ ಇಳೀತಿದ್ದಂಗೆ ಇನ್ನೊಂದಕ್ಕೆ ಚಾಕಿ ತರೋರು. ವರ್ಷ ಪೂರ್ತಿ ಮನೇಲಿ ಹುಳ. ಅಂದ್ರೆ ವರ್ಷ ಪೂರ್ತಿ ಮಗಳು ಜಗಲಿ ಮೇಲೆ. ನಾನು ಅಲ್ಲೇ ಮುದ್ದೆ ಬಡಿಸೋಳು, ಅವಳು ಅಲ್ಲೇ ಉಣ್ಣೋಳು. ನಗ್ತಾನೇ ಉಣ್ಣೋಳು, ಅದು ಬೇರೆ ಮಾತು.

ಆದ್ರೆ ಮಾರ್ನಮಿ ಹಬ್ಬದಲ್ಲಿ ಅವಳು ನಗ್ತಿರ್ಲಿಲ್ಲ. ಸತ್ತ ಹಿರೀಕರಿಗೆ ಹೊಸ ಬಟ್ಟೆ ಇಟ್ಟು, ಅವರಿಗಿಷ್ಟವಾದ ಅಡಿಗೆ ಮಾಡಿ ಎಡೆ ಇಡೋ ಹಬ್ಬ ಅದು. ನಡುಮನೆ ಗೋಡೇಲಿ ಅತ್ತೆ ಫೋಟೋ ಐತೆ, ಎಡೆ ಅದರ ಮುಂದೆ. ಕೆಂಚಿ ಪ್ರತಿ ವರ್ಷ ಅವ್ವಂಗೆ ಅಂತ ಒಳ್ಳೇ ಸೀರೆ ತರೋಳು. ತಂದು ಬಾಗಿಲಲ್ಲಿ ನಿಂತು ನನ್ನ ಕೈಗೆ ಕೊಡೋಳು. ಎಡೆ ಇಟ್ಟ ಸೀರೆ ಮನೆ ಹೆಂಗಸೇ ಉಡ್ಬೇಕಲ್ಲ, ಹಂಗಾಗಿ ಅವೆಲ್ಲಾ ನಾನೇ ಉಟ್ಟೆ. ಒಂದ್ ವರ್ಷ ಸೀರೆ ಕೈಗಿಟ್ಟು, "ಅತ್ಗೆ, ನಂಗೇನೂ ಬ್ಯಾಡ. ಒಂದ್ಸಲ ನನ್ ಕೈಯಾರೆ ಅವ್ವನ ಮುಂದೆ ಇಡ್ಬೇಕು" ಅಂದ್ಲು. ಅಷ್ಟು ಗಟ್ಟಿ ಹೆಂಗಸು, ಹೋಗಿ ಜಗಲಿ ಮೂಲೇಲಿ ಕೂತ್ಲು. ನಾನು ಒಳಕ್ಕೋಗಿ ಮಾವನಿಗೆ ಕೇಳುವಂಗೆ ಪಾತ್ರೆ ಕುಕ್ಕಿದೆ. ಅವ್ರು ಹುಳಕ್ಕೆ ಸೊಪ್ಪು ಹಾಕ್ತಾನೇ ಇದ್ರು.

ಹಿಂಗೇ ನಡೀತಿತ್ತು. ಆಗಿನ್ನೂ ರಾಮನಗರ ಜಿಲ್ಲೆ ಆಗಿರ್ಲಿಲ್ಲ, ಆದ್ರೆ ಬಿಡದಿ ಕಡೆಯೆಲ್ಲ ಫ್ಯಾಕ್ಟ್ರಿ ಎದ್ದಿದ್ವು. ನಮ್ಮೂರ ಹೆಣ್ಮಕ್ಕಳನ್ನ ತುಂಬ್ಕೊಂಡೋಗೋಕೆ ಗಾರ್ಮೆಂಟ್ಸ್ ವ್ಯಾನು ಬೆಳಿಗ್ಗೆನೇ ಬಂದು ಹಾರ್ನ್ ಹೊಡೆಯೋದು. ಮುಯ್ಯಾಳಿಗೆ ಅಂತ ಒಬ್ರ ಮನೆ ಕೆಲ್ಸಕ್ಕೊಬ್ರು ಹೋಗ್ತಿದ್ದ ಕಾಲ ಮುಗಿದೇ ಹೋಗಿತ್ತು. ಆ ಮಳೆಗಾಲ ಊರೋರೆಲ್ಲ ಒಂದೇ ಕಡೆ, ಒಂದೇ ದಿನ ಚಾಕಿ ತಂದಿದ್ರು. ಹಂಗಾಗಿ ಎಲ್ಲಾರ ಮನೆ ಹುಳನೂ ಒಂದೇ ದಿನ ಹಣ್ಣಾದ್ವು, ಅಂದ್ರೆ ಗೂಡು ಕಟ್ಟೋಕೆ ತಯಾರಾದ್ವು. ಹಣ್ಣಾದ ಹುಳ ಕಾಯಾಕಿಲ್ಲ. ಬೇಗ ಬೇಗ ಆರಿಸಿ ಚಂದ್ರಿಕೆಗೆ, ಅದೇ ಆ ಬಿದಿರಿನ ದೊಡ್ಡ ತಡಿಕೆಗೆ, ಬುಡದಿದ್ರೆ ಸೊಪ್ಪಿನ ಮೇಲೇ ಗೂಡು ಕಟ್ಟಿ ಎಲ್ಲಾ ಹಾಳು. ನಾವು ಮೂರೇ ಜನ. ಮಾವನಿಗೆ ವಯಸ್ಸಾಗಿ ಕೈ ಓಡ್ತಿರ್ಲಿಲ್ಲ. ನನ್ನ ಗಂಡ ಆಳು ಹುಡುಕ್ಕೊಂಡು ಊರೆಲ್ಲ ತಿರುಗಿ ಬರೀ ಕೈಯಲ್ಲಿ ಬಂದ.

ನಾನು ಯಾರನ್ನೂ ಕೇಳ್ಲಿಲ್ಲ. ನೆಟ್ಟಗೆ ಅಂಗಡಿಗೋಗಿ ಫೋನ್ ಮಾಡ್ದೆ. "ಕೆಂಚೀ, ಹುಳ ಹಣ್ಣಾಗವೆ, ಬಾರೇ" ಅಂದೆ. ಪೊಲೀಸ್ರು ಬಂದು ಲೈವ್ ಬ್ಯಾಂಡೆಲ್ಲ ಮುಚ್ಸಿದ್ರು, ಅವಳು ಒಂದು ವಾರದಿಂದ ಕೆಲ್ಸ ಇಲ್ದೆ ರೂಮಲ್ಲೇ ಇದ್ಲು. "ಬತ್ತೀನಿ ಅತ್ಗೆ. ಒಬ್ಳೇ ಸಾಕಾ?" ಅಂದ್ಲು. ನಾನು, "ಇದ್ದೋರ್ನೆಲ್ಲ ಕರ್ಕೊಂಡ್ ಬಾ" ಅಂದ್ಬುಟ್ಟೆ.

ಮಧ್ಯಾಹ್ನಕ್ಕೆ ಮಾರುತಿ ವ್ಯಾನು ಬಂತು. ಇಳಿದ್ರು ನೋಡಿ, ಕೆಂಚಿ ಜೊತೆ ಇನ್ನೂ ನಾಕು ಡ್ಯಾನ್ಸರ್ರು. ಉಗುರಿಗೆ ಬಣ್ಣ, ತುಟಿಗೆ ಬಣ್ಣ, ಕಣ್ಣಿಗೆ ಕಪ್ಪು ಕನ್ನಡಕ. ಬೀದಿ ಪೂರ್ತಿ ಗಮ್ ಅಂತು. ಎದುರು ಮನೆ ದೊಡ್ಡಹನುಮಯ್ಯ ಬಾಯಿ ಕಳ್ಕೊಂಡು ನಿಂತ. ಮಾವ ಬಾಗಿಲಿಗೆ ಬಂದು ಎರಡೂ ಕೈ ಅಡ್ಡ ಕೊಟ್ರು.

"ಸೆಂಟು!" ಅಂದ್ರು. "ಹುಳ ಅವೆ, ಹೊರಗೇ ಇರು."

ಕೆಂಚಿ ನನ್ನ ಕಡೆ ತಿರುಗಿದ್ಲು. "ಅತ್ಗೆ, ಸೀಗೆಕಾಯಿ ಐತಾ? ಹಳೇ ಬಟ್ಟೆ ಎಷ್ಟವೆ?" ಅಂದ್ಲು. ಕೊಟ್ಟಿಗೆ ಹಿಂದೆ ಗರಿ ತಡಿಕೆ ಕಟ್ಟಿದ ಬಚ್ಚಲು ಐತೆ, ಎಲ್ಲಾರ್ನೂ ಅಲ್ಲಿಗೆ ಕರ್ಕೊಂಡೋದ್ಲು. ಕಡ್ಲೆಹಿಟ್ಟು, ಸೀಗೆಕಾಯಿ ಹಾಕಿ ತಲೆಯಿಂದ ಕಾಲತನಕ ಉಜ್ಜಿದ್ರು. ಸೀರೆ ಸಾಲದೆ ಒಬ್ಳು ನನ್ನ ಗಂಡನ ಲುಂಗಿ ಶರ್ಟು ಹಾಕ್ಕೊಂಡು ಬಂದ್ಲು, ಅವನು ಎತ್ಲಾಗೆ ನೋಡ್ಬೇಕೋ ಗೊತ್ತಾಗದೆ ಎಮ್ಮೆ ಮುಖ ನೋಡ್ತಾ ನಿಂತ. ಎಲ್ಲಾರ ತಲೇಲೂ ನೀರು ತೊಟ್ಟಿಕ್ತಾ ಇತ್ತು. ಬಾಗಿಲ ಹತ್ರ ಇಟ್ಟಿದ್ದ ಬ್ಲೀಚಿಂಗ್ ನೀರಲ್ಲಿ ಕೈಕಾಲು ಅದ್ದಿದ್ರು. ಕೆಂಚಿ ಮುಂದೆ ಬಂದು ಮಾವನ ಮೂಗಿಗೆ ಕೈ ಹಿಡಿದ್ಲು.

"ಮೂಸಿ ನೋಡಪ್ಪ. ಯಾವ ವಾಸ್ನೆ ಐತೆ?"

ಮಾವ ಮೂಸಲಿಲ್ಲ. ಬಾಗಿಲೂ ಬುಡ್ಲಿಲ್ಲ.

"ಸೆಂಟಿಗೆ ಬ್ಯಾಡ ಅಂದೆ, ತೊಳ್ಕೊಂಡೆ. ಬೇರೆ ಏನಾದ್ರೂ ಐತಾ? ಇದ್ರೆ ಈಗ ಹೇಳ್ಬುಡು. ಎಲ್ಲಾರ ಮುಂದೆ ಹೇಳು, ಹೊಂಟೋಯ್ತೀನಿ."

ಈ ಮುದುಕಪ್ಪ ಏನಾದ್ರೂ ಅಂದುಬುಟ್ರೆ ಹುಳದ ತಟ್ಟೆ ತಗೊಂಡು ಬೀದಿಗೆ ಸುರೀತೀನಿ ಅಂತ ತೀರ್ಮಾನ ಮಾಡ್ಕೊಂಡಿದ್ದೆ. ಮಾವ ಮಗಳ ಮುಖ ನೋಡಿದ್ರು. ಬಣ್ಣ ಹೋಗಿತ್ತು, ಮೂಗು ಕೆಂಪಗಾಗಿತ್ತು, ಹಣೆ ಎಲ್ಲಾ ಅತ್ತೆ ಫೋಟೋದಲ್ಲಿರೋ ಹಂಗೇ ಇತ್ತು. ಕೈ ಕೆಳಕ್ಕೆ ಬಿಟ್ರು.

"ಹಣ್ಣಾಗಿರೋದ್ನ ಮಾತ್ರ ಆರ್ಸು" ಅಂದ್ರು. "ಹಸಿ ಹುಳ ಮುಟ್ಬ್ಯಾಡ."

"ಅವ್ವ ಹೇಳ್ಕೊಟ್ಟವ್ಳೆ" ಅಂತ ಕೆಂಚಿ ಒಳಕ್ಕೆ ಬಂದ್ಲು.

ಆ ಡ್ಯಾನ್ಸರ್ ಹುಡುಗೀರು ಹುಳ ನೋಡಿ ಮೊದ್ಲು ಕಿಟಾರ್ ಅಂದ್ರು. ಕೆಂಚಿ ಒಂದು ಹುಳನ ಬೆಳಕಿಗೆ ಹಿಡಿದು, ಹಣ್ಣಾದ್ದು ಹೆಂಗೆ ಹೊಳೀತದೆ, ಹೆಂಗೆ ತಲೆ ಎತ್ಕೊಂಡು ಜಾಗ ಹುಡುಕ್ತದೆ ಅಂತ ತೋರ್ಸಿದ್ಲು. ಆಮೇಲೆ ಕೇಳ್ಬೇಡಿ. ತಾಳಕ್ಕೆ ಕೈಕಾಲು ಆಡಿಸಿ ಅಭ್ಯಾಸ ಇರೋ ಹೆಣ್ಮಕ್ಕಳು, ಪಟಪಟ ಅಂತ ಆರಿಸಿ ಚಂದ್ರಿಕೆಗೆ ಬುಟ್ರು. ಒಬ್ಳು ಹಾಡು ಹೇಳೋಳು, ಮಿಕ್ಕೋರು ಗುನುಗೋರು. ಸಂಜೆ ಹೊತ್ತಿಗೆ ಚಂದ್ರಿಕೆ ಎಲ್ಲಾ ಅಂಗಳದಲ್ಲಿ ಸಾಲಾಗಿ ನಿಂತಿದ್ವು, ಒಂದು ಹುಳನೂ ಹಾಳಾಗ್ಲಿಲ್ಲ. ದೊಡ್ಡಹನುಮಯ್ಯನ ಹೆಂಡ್ತಿ ಬಂದು ನನ್ನ ಕಿವೀಲಿ, "ಸಾಕಮ್ಮ, ನಮ್ಮ ಮನೆಗೂ ಕಳಿಸ್ತೀಯಾ ಅವರ್ನ?" ಅಂದ್ಲು. "ಮಧ್ಯಾಹ್ನ ಮೂಗು ಮುರಿದಿದ್ಯಲ್ಲ, ಆ ಮೂಗು ಸರಿಯಾಯ್ತಾ?" ಅಂದೆ.

ಕೆಂಚಿ ಹೊರಡೋಕ್ ಮುಂಚೆ ತಟ್ಟೆ ಸಂದೀಲಿ ನುಸುಳಿ ಹೋಗಿ ಅವ್ವನ ಫೋಟೋ ಧೂಳು ಒರೆಸಿದ್ಲು. ಮಾವ ಅದ್ನ ನೋಡಿದ್ರು. ಅವರಿಗೆ ಮನಸ್ಸು ತುಂಬಿತ್ತು, ನಂಗೆ ಗೊತ್ತಾಯ್ತು. ಜಗಲಿಗೆ ಬಂದು, "ಮಾರ್ನಮಿಗೂ ಹಿಂಗೇ ಬಾರವ್ವ. ಹಿಂಗೇ ತೊಳ್ಕೊಂಡು ಬಂದ್ರೆ ಯಾರು ಬ್ಯಾಡ ಅಂತಾರೆ?" ಅಂದ್ರು. ಅವರ ಲೆಕ್ಕದಲ್ಲಿ ದೊಡ್ಡ ಮಾತು ಅದು. ನಾನೂ ಖುಷಿಯಾಗಿ ಕೆಂಚಿ ಮುಖ ನೋಡ್ದೆ, ಅವಳು ಹೂಂ ಅಂತಾಳೆ ಅಂತ.

ಅವಳು ಅನ್ಲಿಲ್ಲ. ವ್ಯಾನಿಂದ ಬ್ಯಾಗ್ ತಗೊಂಡ್ಲು. ಅಪ್ಪನ ಎದುರಿಗೇ ನಿಂತು ತುಟಿಗೆ ಬಣ್ಣ ಹಚ್ಚಿದ್ಲು, ಸೆಂಟಿನ ಬಾಟ್ಲು ತೆಗ್ದು ಕತ್ತಿಗೆ ಪುಸ್ ಪುಸ್ ಅನ್ನಿಸ್ಕೊಂಡ್ಲು. ಆಮೇಲೆ ತಣ್ಣಗೆ ಹೇಳಿದ್ಲು.

"ಅಪ್ಪ, ಇವತ್ತು ನಾನು ತೊಳ್ಕೊಂಡಿದ್ದು ಹುಳಕ್ಕೆ. ನಿಂಗಲ್ಲ. ಅವುಕ್ಕೆ ವಾಸ್ನೆ ಆಗ್ಬರಲ್ಲ, ಸತ್ತೋಯ್ತವೆ. ನೀನು ಸಾಯಾಕಿಲ್ಲ. ನಾನು ಕುಣಿಯೋಳು, ಬ್ಯಾಂಡು ಮತ್ತೆ ತೆಗೆದ್ರೆ ಮತ್ತೆ ಕುಣೀತೀನಿ. ಅವ್ವನ ಮುಂದೆ ಹೋಗೋದಾದ್ರೆ ಹಿಂಗೇ ಹೋಗ್ತೀನಿ, ಕದ್ದು ತೊಳ್ಕೊಂಡು ಹೋಗಲ್ಲ."

ವ್ಯಾನು ಹತ್ತಿ ಹೋದ್ಲು. ಮಾವ ಜಗಲಿ ಕಂಬಕ್ಕೆ ಒರಗಿ ಕೂತ್ರು. ನಂಗೆ ಇಬ್ರ ಮೇಲೂ ಸಿಟ್ಟು ಬಂತು. ಇವಳು ಒಸಿ ಬಗ್ಗಿದ್ರೆ ಏನೋಗ್ತಿತ್ತು? ಆ ಮುದುಕ ಇನ್ನೊಂದು ಹೆಜ್ಜೆ ಇಟ್ಟಿದ್ರೆ ಏನೋಗ್ತಿತ್ತು? ಅವತ್ತು ಅಡಿಗೇಲಿ ಉಪ್ಪು ಹಾಕೋದೇ ಮರೆತೆ, ಯಾರೂ ಕೇಳ್ಲಿಲ್ಲ.

ಗೂಡು ಬಿಡಿಸಿ ರಾಮನಗರ ಮಾರ್ಕೆಟ್ಟಿಗೆ ಹಾಕಿ ಬಂದ್ವಿ. ಮನೆ ತೊಳೆದು ಸುಣ್ಣ ಬಳಿದ್ವಿ. ಮಾಮೂಲಾಗಿ ಆ ಸುಣ್ಣ ಆರೋಕ್ ಮುಂಚೆನೇ ಮಾವ ಚಾಕಿಗೆ ಹೇಳಿರ್ತಿದ್ರು. ಈ ಸಲ ಹೇಳ್ಲಿಲ್ಲ. ನನ್ನ ಗಂಡ ನೆನಪು ಮಾಡಿದ್ರೆ "ನೋಡನ ಬುಡು" ಅನ್ನೋರು. ತೋಟದಲ್ಲಿ ಸೊಪ್ಪು ಬಲೀತಾ ಬಂತು. ನನ್ನ ಗಂಡ ತಲೆ ಚಚ್ಕೊಂಡ, "ಅಪ್ಪಂಗೆ ಏನೋ ಆಗೈತೆ ಕಣೇ" ಅಂದ. ಒಂದಿನ ನಾನು ಜಗಲೀಲಿ ಅಲಸಂದೆ ಕಾಳು ಬಿಡಿಸ್ತಿದ್ದೆ. ದೊಡ್ಡಹನುಮಯ್ಯ ಬೀದೀಲೇ ನಿಂತು ಕೂಗಿದ.

"ಏನ್ ಬೋರ್ಲಿಂಗಣ್ಣ, ಅಂಥಾ ಸೊಪ್ಪು ಎಮ್ಮೆಗೆ ಹಾಕ್ತಾ ಇದೀಯಲ್ಲ? ಚಾಕಿ ತರಾಕಿಲ್ವಾ?"

"ತರಾಕಿಲ್ಲ ಕಣ್ಲಾ. ಮಾರ್ನಮಿಗೆ ಮಗಳು ಬತ್ತಾಳೆ" ಅಂದ್ರು ಮಾವ. "ಮನೇಲಿ ಹುಳ ಇರ್ಬಾರ್ದು."

ಅಲಸಂದೆ ಮೊರ ನನ್ನ ತೊಡೆ ಮೇಲಿಂದ ಜಾರಿತು. ಮಾವ ನನ್ನ ಕಡೆ ತಿರುಗದೇನೇ, "ಸಾಕಮ್ಮ, ಫೋನ್ ಮಾಡಿ ಹೇಳ್ಬುಡು. ಹುಳ ಇಲ್ವಂತೆ, ಸೆಂಟು ಹಾಕ್ಕೊಂಡೇ ಬರ್ಬೇಕಂತೆ ಅಂತ" ಅಂದ್ರು. ಅವತ್ತು ಆ ಅಂಗಡೀತನಕ ನಾನು ನಡ್ಕೊಂಡು ಹೋಗ್ಲಿಲ್ಲ, ಓಡಿದೆ.

ಹಬ್ಬದ ದಿನ ಕೆಂಚಿ ಬಂದ್ಲು. ಹಸಿರು ಸೀರೆ, ತುಟಿಗೆ ಬಣ್ಣ, ಎತ್ತರದ ಚಪ್ಪಲಿ ಟಕಟಕ. ಬಾಗಿಲಲ್ಲಿ ನಿಂತ್ಲು, ಅಭ್ಯಾಸ ನೋಡಿ, ಸೀರೆ ಪೊಟ್ಣ ನನ್ನ ಕೈಗೆ ಕೊಡೋಕೆ ಬಂದ್ಲು. ನಾನು ಕೈ ಹಿಂದಕ್ಕೆ ಕಟ್ಕೊಂಡೆ. ನಡುಮನೇಲಿ ಒಂದು ತಟ್ಟೆನೂ ಇಲ್ಲ, ಗೋಡೆಯಿಂದ ಗೋಡೆಗೆ ಬರೀ ನೆಲ. ಅಷ್ಟು ದೊಡ್ಡ ನಡುಮನೆ ಅಂತ ನಂಗೇ ಗೊತ್ತಿರ್ಲಿಲ್ಲ. ಚಪ್ಪಲಿ ಬುಟ್ಟು ಒಳಕ್ಕೆ ಬಂದ್ಲು, ಅವಳ ಜೊತೆ ಆ ವಾಸ್ನೆನೂ ಬಂತು. ಮಾವ ಎಡೆ ಮುಂದೆ ಕೂತಿದ್ರು. ಮೂಗು ಅರಳಿಸಿ, "ಇದ್ಯಾವ ಸೆಂಟೇ?" ಅಂದ್ರು.

"ಮಲ್ಲಿಗೇದಪ್ಪ. ಕಟುವಾಯ್ತಾ?"

ಮಾವ ಸರಿದು ಅವಳಿಗೆ ಜಾಗ ಮಾಡಿದ್ರು. ಅವಳು ಸೀರೆ ಬಿಚ್ಚಿ, ಎರಡೂ ಕೈಯಲ್ಲಿ ಅವ್ವನ ಫೋಟೋ ಮುಂದೆ ಇಟ್ಲು. ಇಟ್ಟು ಕೈ ತೆಗೀಲೇ ಇಲ್ಲ, ಹಂಗೇ ಕೂತ್ಲು. ನಾನು ಅಳ್ತಾ ಇದ್ದೆ, ನನ್ನ ಗಂಡ ಸೂರು ನೋಡ್ತಾ ಇದ್ದ.

ಮಾವ ಬಾಗಿಲ ಪಕ್ಕದ ಆ ಮೊಳೆ ಕಡೆ ಒಂದ್ಸಲ ನೋಡಿದ್ರು. ಆಮೇಲೆ ಮಗಳ ಬ್ಯಾಗನ್ನ ತಾವೇ ಅವಳ ಮುಂದಕ್ಕೆ ಸರಿಸಿದ್ರು.

"ಒಸಿ ನಿಮ್ಮವ್ವಂಗೂ ಹಾಕವ್ವ" ಅಂದ್ರು. "ಬದುಕಿರೋಗಂಟ ಹುಳ ಅಂತ ಅವಳನ್ನ ಒಂದಿನಾನೂ ಹೂವ ಮುಡ್ಕೊಂಡು ಒಳಕ್ಕೆ ಬರೋಕೆ ಬುಡ್ಲಿಲ್ಲ ನಾನು."